ಬೆಕ್ಕಿಗೆ ಕೊಡುವ ತುತ್ತಿಗೂ ಅಳತೆ ಇರಲಿ

ಬಂಡಳ್ಳಿಯಲ್ಲಿ ಬೆಕ್ಕು ಓಡಾಡದ ಮನೆ ಸಿಗುವುದು ಕಷ್ಟ. ನಮ್ಮ ಹನೂರು, ಕೊಳ್ಳೇಗಾಲದ ಕಡೆ ಅದನ್ನು ‘ಕೊತ್ತಿ’ ಎನ್ನುತ್ತೇವೆ. ಮನೆಯೊಳಗೆ ಉರ್ದು ಆಡುವವರು ‘ಬಿಲ್ಲಿ’ ಎನ್ನುತ್ತಾರೆ. ರಾಗಿ, ಜೋಳದ ಮೂಟೆ ಇರುವ ಮನೆಗೆ ಕೊತ್ತಿ ಬೇಕೇ ಬೇಕು. ರೇಷ್ಮೆ ಹುಳು ಸಾಕುವವರಿಗಂತೂ ಇಲಿ ದೊಡ್ಡ ಶತ್ರು. ಹುಳುವನ್ನೂ ಗೂಡನ್ನೂ ತಿಂದು ಹಾಕುವ ಇಲಿಯನ್ನು ದೂರವಿಡುವ ಕೊತ್ತಿಗೆ ಅಂಥ ಮನೆಯಲ್ಲಿ ಮರ್ಯಾದೆ ಹೆಚ್ಚು. ಹೀಗೆ ಕೆಲಸಕ್ಕೆ ಬಂದ ಪ್ರಾಣಿ ಈಗ ಮನೆಯ ಸದಸ್ಯನಾಗಿದೆ. ಮಕ್ಕಳ ಹಾಸಿಗೆಯ ಮೇಲೆ ಮಲಗುತ್ತದೆ, ದಸ್ತರ್‌ಖಾನಿನ ಪಕ್ಕ ಬಂದು ಕೂರುತ್ತದೆ. ಇದು ಸಂತೋಷದ ವಿಷಯ. ಆದರೆ ಕೆಲವು ವರ್ಷಗಳಿಂದ ನನ್ನ ದವಾಖಾನೆಗೆ ತಮ್ಮ ಕೆಮ್ಮು, ಮೊಣಕಾಲು ನೋವಿಗೆ ಬರುವವರು ಎದ್ದು ಹೋಗುವ ಮುಂಚೆ ಒಂದು ಮಾತು ಸೇರಿಸುತ್ತಾರೆ: “ಹಕೀಮ್ ಸಾಬ್ರೇ, ನಮ್ಮ ಕೊತ್ತಿ ಊಟಾನೇ ಮುಟ್ತಾ ಇಲ್ಲ. ಬಿಸ್ಕತ್ತು ಬಿಟ್ರೆ ಬೇರೇನೂ ಬೇಡ ಅಂತದೆ. ಏನಾದ್ರೂ ಚೂರ್ಣ ಕೊಡಿ.”

ನಾನು ಬೆಕ್ಕಿಗೆ ಔಷಧ ಕೊಡುವುದಿಲ್ಲ. ಅರಬ್ಬೀ ವೈದ್ಯ ಪರಂಪರೆಯಲ್ಲಿ ಮನುಷ್ಯರ ವೈದ್ಯಕ್ಕೆ ‘ತಿಬ್ಬ್’ ಎಂದೂ ಪ್ರಾಣಿ ವೈದ್ಯಕ್ಕೆ ‘ಬೈತರಾ’ ಎಂದೂ ಹಿಂದಿನಿಂದಲೇ ಬೇರೆ ಬೇರೆ ಹೆಸರುಗಳಿವೆ. ಎರಡರ ವಿದ್ಯೆಯೂ ಬೇರೆ. ಆದರೆ ಈ ಪ್ರಶ್ನೆಗೆ ಚೂರ್ಣದ ಅಗತ್ಯವೇ ಇಲ್ಲ. ಬಿಸ್ಕತ್ತು ಬಿಟ್ಟು ಬೇರೇನೂ ಬೇಡ ಎನ್ನುವ ಕೊತ್ತಿಗೆ ಆ ಅಭ್ಯಾಸ ಹಿಡಿಸಿದವರು ನಾವು. ಮುದ್ದಿಗಾಗಿ ಕೊಡುವ ತಿಂಡಿ ಊಟದ ಜಾಗವನ್ನು ಆಕ್ರಮಿಸಿದೆ. ಪ್ರೀತಿಗೂ ಅಳತೆ ಬೇಕು, ಅಳತೆ ತಪ್ಪಿದ ಪ್ರೀತಿ ಬಾಯಿಲ್ಲದ ಜೀವಕ್ಕೆ ಹಿಂಸೆಯಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಮಾನತಿನ ಎರಡು ಹಕ್ಕುಗಳು

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಮಹಿಳೆಯ ಹದೀಸ್ ನಮ್ಮಲ್ಲಿ ಮದ್ರಸಾಕ್ಕೆ ಹೋಗುವ ಮಗುವಿಗೂ ಗೊತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ಬಂದಿದೆ. ಆಕೆಯ ಮೇಲಿನ ಆರೋಪವನ್ನು ಸರಿಯಾಗಿ ಗಮನಿಸಿ. ಆಕೆ ತಾನೂ ಆಹಾರ ಕೊಡಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆ ಹಿಡಿದು ತಿನ್ನಲು ಅದನ್ನು ಬಿಡಲೂ ಇಲ್ಲ. ಇಲ್ಲಿ ಬೆಕ್ಕಿಗೆ ಎರಡು ಹಕ್ಕುಗಳು ಕಾಣುತ್ತವೆ. ಒಂದು, ಆಹಾರ. ಇನ್ನೊಂದು, ತನ್ನ ಸ್ವಭಾವಕ್ಕೆ ತಕ್ಕ ಆಹಾರವನ್ನು ತಾನೇ ಹುಡುಕಿಕೊಳ್ಳುವ ಸ್ವಾತಂತ್ರ್ಯ. ಹಿಂದೆ ನಮ್ಮ ಹೆಂಚಿನ ಮನೆಗಳಲ್ಲಿ ಎರಡನೆಯ ಹಕ್ಕು ತಾನಾಗಿಯೇ ಸಿಗುತ್ತಿತ್ತು. ನಾವು ಏನೇ ಹಾಕಲಿ, ಬಿಡಲಿ, ಕೊತ್ತಿ ಹಿತ್ತಲಿಗೆ ಹೋಗಿ ತನಗೆ ಬೇಕಾದದ್ದನ್ನು ಹಿಡಿದು ತಿನ್ನುತ್ತಿತ್ತು. ಈಗ ತಾರಸಿ ಮನೆ, ಕಿಟಕಿಗೆ ಜಾಲರಿ, ಸುತ್ತ ಕಾಂಪೌಂಡು. ಎಷ್ಟೋ ಬೆಕ್ಕುಗಳು ಹೊಸಿಲು ದಾಟುವುದೇ ಇಲ್ಲ. ಹಾಗೆ ಮನೆಯೊಳಗೆ ಇಟ್ಟುಕೊಂಡ ಮೇಲೆ ಅದರ ಹೊಟ್ಟೆಗೆ ಏನು ಹೋಗಬೇಕು, ಎಷ್ಟು ಹೋಗಬೇಕು ಎಂಬುದರ ಪೂರ್ತಿ ಜವಾಬ್ದಾರಿ ನಮ್ಮದು. ಹೊಟ್ಟೆ ತುಂಬಿಸಿದರೆ ಸಾಲದು, ತಕ್ಕದ್ದನ್ನು ತುಂಬಿಸಬೇಕು.

ಇನ್ನೊಂದು ಘಟನೆಯೂ ಪ್ರಸಿದ್ಧ. ಸಹಾಬಿ ಹಝ್ರತ್ ಅಬೂ ಖತಾದಾ(ರ) ಅವರು ವುಝೂ ಮಾಡಲು ಕೂತಿದ್ದಾಗ ಬೆಕ್ಕೊಂದು ಬಂತು. ಅವರು ಪಾತ್ರೆಯನ್ನು ವಾಲಿಸಿ ಅದು ಕುಡಿದು ಮುಗಿಸುವವರೆಗೆ ಹಿಡಿದುಕೊಂಡರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತಮುತ್ತ ಓಡಾಡಿಕೊಂಡಿರುವ ಜೀವಿಗಳಲ್ಲಿ ಒಂದು ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. ಬೆಕ್ಕು ಅಶುದ್ಧವೇ ಅಲ್ಲವೇ ಎಂಬ ಚರ್ಚೆಗೆ ನಾವು ಈ ಹದೀಸನ್ನು ಬಳಸುತ್ತೇವೆ. ವೈದ್ಯನಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಅಲ್ಲಿ ಬೆಕ್ಕಿಗೆ ಕೊಟ್ಟದ್ದು ಏನು? ನೀರು. ಅದಕ್ಕೆ ಬೇಕಾಗಿದ್ದದ್ದು ಅದೇ, ಸಿಕ್ಕಿದ್ದೂ ಅದೇ. ನಾವು ಬೆಕ್ಕಿಗೆ ಹತ್ತು ಬಗೆಯ ತಿಂಡಿ ಕೊಡುತ್ತೇವೆ, ಶುದ್ಧ ನೀರಿನ ಬಟ್ಟಲು ಇಡಲು ಮರೆಯುತ್ತೇವೆ. ಬೆಕ್ಕಿನ ಪೂರ್ವಜರು ಮರುಭೂಮಿ ಸೀಮೆಯ ಕಾಡುಬೆಕ್ಕುಗಳು. ಅದಕ್ಕೆ ಬಾಯಾರಿಕೆ ಕಡಿಮೆ, ತಾನಾಗಿ ಹೆಚ್ಚು ಕುಡಿಯುವುದಿಲ್ಲ. ಒಣ ತಿಂಡಿಯನ್ನೇ ತಿನ್ನುವ ಬೆಕ್ಕು ನೀರನ್ನೂ ಕಡಿಮೆ ಕುಡಿದರೆ ಮೂತ್ರದ ತೊಂದರೆ ಹತ್ತಿರ ಬರುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬರುತ್ತಿಲ್ಲ ಎಂದರೆ ಅದು ತುರ್ತು ಸ್ಥಿತಿ. ನಾಳೆ ನೋಡೋಣ ಎನ್ನಬಾರದು.

ಏಳು ಜನರ ‘ಒಂದೇ ಒಂದು ಚೂರು’

ಕೂಡು ಕುಟುಂಬದ ಲೆಕ್ಕ ಹೀಗಿರುತ್ತದೆ. ಬೆಳಿಗ್ಗೆ ಚಹಾದ ಹೊತ್ತಿಗೆ ದಾದಾ ಬಿಸ್ಕತ್ತಿನ ಒಂದು ಚೂರು ಹಾಕುತ್ತಾರೆ. ಶಾಲೆಗೆ ಹೊರಟ ಹುಡುಗಿ ತನ್ನ ಹಾಲಿನಲ್ಲಿ ಎರಡು ಗುಟುಕು ಬಿಡುತ್ತಾಳೆ. ಮಧ್ಯಾಹ್ನ ಅಮ್ಮಿ ಸಾರಿನ ಮಾಂಸದ ಒಂದು ತುಂಡು, ಸಂಜೆ ಚಿಕ್ಕಪ್ಪ ಅಂಗಡಿಯಿಂದ ತಂದ ಕ್ರೀಮಿನ ಪೊಟ್ಟಣ, ರಾತ್ರಿ ದಾದಿ ಮೊಸರನ್ನ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ನಾನು ಒಂದೇ ಒಂದು ಚೂರು ಕೊಟ್ಟಿದ್ದು.” ಯಾರೂ ಸುಳ್ಳು ಹೇಳುತ್ತಿಲ್ಲ. ಯಾರೂ ಹೆಚ್ಚು ಕೊಟ್ಟಿಲ್ಲ. ಆದರೆ ಬೆಕ್ಕು ಮಾತ್ರ ಹೆಚ್ಚು ತಿಂದಿದೆ.

ನಾಲ್ಕು ಕಿಲೋ ತೂಕದ, ಮನೆಯಲ್ಲೇ ಇರುವ ಬೆಳೆದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕಿಲೋ ಕ್ಯಾಲೊರಿ. ನಮ್ಮ ಅಗತ್ಯದ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ತಿಂಡಿ ಎಂದು ಮುದ್ದಿಗೆ ಕೊಡುವುದೆಲ್ಲ ಸೇರಿ ಇದರಲ್ಲಿ ಶೇಕಡಾ 10 ದಾಟಬಾರದು ಎಂಬುದು ಪಶುವೈದ್ಯರು ಒಪ್ಪಿರುವ ಅಳತೆ. ಅಂದರೆ 20ರಿಂದ 25 ಕಿಲೋ ಕ್ಯಾಲೊರಿ. ಉಳಿದ ಶೇಕಡಾ 90 ಸರಿಯಾದ ಊಟದಿಂದಲೇ ಬರಬೇಕು.

ಈ 25 ಕ್ಯಾಲೊರಿ ಎಂದರೆ ಎಷ್ಟು? ಒಂದು ಮಾರಿ ಬಿಸ್ಕತ್ತು ಸಾಕು, ದಿನದ ಪಾಲು ಮುಗಿಯಿತು. ಬೇಯಿಸಿದ ಕೋಳಿ ಮಾಂಸವಾದರೆ ಸುಮಾರು 15 ಗ್ರಾಂ, ಹೆಬ್ಬೆರಳ ಗಾತ್ರದ ಒಂದು ತುಂಡು. ಬೇಯಿಸಿದ ಮೊಟ್ಟೆಯಾದರೆ ಮೂರನೇ ಒಂದು ಭಾಗ. ಚಹಾ ಲೋಟದಷ್ಟು, ಅಂದರೆ 100 ಮಿಲಿ ಎಮ್ಮೆ ಹಾಲಿನಲ್ಲಿ ಸುಮಾರು 100 ಕ್ಯಾಲೊರಿ ಇದೆ. ಬೆಕ್ಕಿನ ಪಾಲಿಗೆ ಅದು ಅರ್ಧ ದಿನದ ಊಟ. ನಾವು ಒಂದು ಬಿಸ್ಕತ್ತು ಎಂದುಕೊಳ್ಳುವುದು ಬೆಕ್ಕಿನ ದೇಹಕ್ಕೆ ಹತ್ತು ಬಿಸ್ಕತ್ತಿನ ಸಮ. ಅದನ್ನು ದಿನಕ್ಕೆ ನಾಲ್ಕು ಸಲ ಕೊಡುವ ಮನೆಗಳಿವೆ.

ಹೀಗೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ? ಕೊಬ್ಬಾಗಿ ಕೂರುತ್ತದೆ. ನಾಲ್ಕು ಕಿಲೋ ಬೆಕ್ಕು ಅರ್ಧ ಕಿಲೋ ದಪ್ಪವಾದರೆ ನಮಗೆ ಮುದ್ದಾಗಿ ಕಾಣುತ್ತದೆ. ಅದೇ ಲೆಕ್ಕದಲ್ಲಿ 60 ಕಿಲೋ ಮನುಷ್ಯ ಏಳೂವರೆ ಕಿಲೋ ಹೆಚ್ಚಾದಂತೆ! ದಪ್ಪ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೀಲು ನೋವು ಬರುತ್ತದೆ. ಅದು ತನ್ನ ಬೆನ್ನನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳಲಾರದು. ಇನ್ನೊಂದು ಅಪಾಯ ಹಲವರಿಗೆ ಗೊತ್ತಿಲ್ಲ. ದಪ್ಪ ಬೆಕ್ಕು ಯಾವುದೋ ಕಾರಣಕ್ಕೆ ಕೆಲವೇ ದಿನ ಊಟ ಬಿಟ್ಟರೂ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ‘ದಪ್ಪಗಿದೆ, ನಾಲ್ಕು ದಿನ ಉಪವಾಸ ಹಾಕೋಣ’ ಎಂಬ ಯೋಚನೆ ಬೇಡ. ತಿಂಡಿ ಕಡಿಮೆ ಮಾಡಿ, ಊಟವನ್ನು ನಿಧಾನವಾಗಿ ಹದಕ್ಕೆ ತನ್ನಿ.

ನಮ್ಮ ನಾಲಿಗೆ ಬೇರೆ, ಅದರ ಮಿಝಾಜ್ ಬೇರೆ

ಯುನಾನಿಯಲ್ಲಿ ಮೊದಲ ಪಾಠವೇ ಮಿಝಾಜ್. ಒಬ್ಬನಿಗೆ ಗಿಝಾ ಆದದ್ದು ಇನ್ನೊಬ್ಬನಿಗೆ ತೊಂದರೆ ಕೊಡಬಹುದು. ಮನುಷ್ಯ ಮನುಷ್ಯರ ನಡುವೆಯೇ ಹೀಗಿದ್ದರೆ ಮನುಷ್ಯ ಮತ್ತು ಬೆಕ್ಕಿನ ನಡುವೆ ಎಷ್ಟಿರಬೇಡ? ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ದೇಹಕ್ಕೆ ‘ಟಾರಿನ್’ ಎಂಬ ಅಂಶ ಮಾಂಸ, ಮೀನುಗಳಿಂದಲೇ ಸಿಗಬೇಕು. ಇದು ಕಡಿಮೆಯಾದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗಿ ಹಿಗ್ಗುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಆಮೇಲೆ ಬೆಕ್ಕಿನ ಸಿದ್ಧ ಆಹಾರಗಳಿಗೆ ಅದನ್ನು ಹೆಚ್ಚಾಗಿ ಸೇರಿಸಲಾಯಿತು.

ಸಿಹಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ. ಅದರ ನಾಲಿಗೆಯಲ್ಲಿ ಸಿಹಿ ಹಿಡಿಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಕಾರಣವನ್ನು 2005ರಲ್ಲಿ ಅಮೆರಿಕದ ಮೊನೆಲ್ ಸಂಸ್ಥೆಯ ಸಂಶೋಧಕರು ಜೀನಿನ ಮಟ್ಟದಲ್ಲೇ ಕಂಡುಹಿಡಿದರು. ಬಿಸ್ಕತ್ತಿನಲ್ಲಿ ಅದು ಹುಡುಕುವುದು ಕೊಬ್ಬಿನ ವಾಸನೆಯನ್ನು. ಖರ್ಜೂರ, ಶೀರ್‌ಕುರ್ಮಾ, ಶರಬತ್ತು ಕೊಟ್ಟು ‘ಪಾಪ, ಅದಕ್ಕೂ ಆಸೆ’ ಎನ್ನುವಾಗ ನಾವು ಪೂರೈಸುತ್ತಿರುವುದು ನಮ್ಮ ಆಸೆಯನ್ನೇ.

ಬೆಕ್ಕು ಎಂದರೆ ಹಾಲು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ ಕಥೆಗೆ ಎಲ್ಲರೂ ನಗುವುದು ಆ ನಂಬಿಕೆಯಿಂದಲೇ. ಆದರೆ ಮರಿಯ ವಯಸ್ಸು ದಾಟಿದ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಗ್ಗುತ್ತದೆ. ಹಾಲು ಕುಡಿದ ರಾತ್ರಿ ಭೇದಿಯಾದರೆ ಬೆಕ್ಕಿಗೆ ದೃಷ್ಟಿ ತಗುಲಿಲ್ಲ, ಹಾಲು ಒಗ್ಗಿಲ್ಲ ಅಷ್ಟೆ. ಒಗ್ಗುವ ಬೆಕ್ಕಿಗೂ ಎರಡು ಚಮಚ ಸಾಕು.

ಕೊಡಲೇಬಾರದ ವಸ್ತುಗಳಲ್ಲಿ ಮೊದಲನೆಯದು ಈರುಳ್ಳಿ, ಬೆಳ್ಳುಳ್ಳಿ. ಹಸಿಯಾಗಲಿ, ಬೆಂದದ್ದಾಗಲಿ, ಅವು ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಮ್ಮ ಬಿರಿಯಾನಿ, ಕುರ್ಮಾ, ಹಲೀಮ್ ಯಾವುದೂ ಈರುಳ್ಳಿ ಇಲ್ಲದೆ ಆಗುವುದಿಲ್ಲ. ತುಂಡನ್ನು ತೊಳೆದು ಕೊಟ್ಟರೂ ಮಸಾಲೆ ಒಳಗೆ ಇಳಿದಿರುತ್ತದೆ. ಆದ್ದರಿಂದ ಮಸಾಲೆ ಹಾಕುವ ಮುಂಚೆಯೇ ಅದರ ಪಾಲಿನ ತುಂಡು ಎತ್ತಿಟ್ಟು ಬರೀ ನೀರಿನಲ್ಲಿ ಬೇಯಿಸಿ. ಚಾಕೊಲೇಟು, ಚಹಾ, ಕಾಫಿ ಬೇಡ. ದ್ರಾಕ್ಷಿ, ಒಣದ್ರಾಕ್ಷಿಯನ್ನೂ ದೂರವಿಡುವುದು ಒಳ್ಳೆಯದು. ಬೆಂದ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಒಣಮೀನಿನಲ್ಲಿ ಉಪ್ಪು ವಿಪರೀತ. ಹಸಿ ಮೀನನ್ನೇ ದಿನವೂ ತಿಂದರೆ ಬಿ1 ಜೀವಸತ್ವದ ಕೊರತೆಯಾಗಬಹುದು. ಕಲೇಜಿ ಬೆಕ್ಕಿಗೆ ತುಂಬ ಇಷ್ಟ, ಒಳ್ಳೆಯದೂ ಹೌದು. ಆದರೆ ದಿನಾ ಅದನ್ನೇ ಕೊಟ್ಟರೆ ಎ ಜೀವಸತ್ವ ಮಿತಿಮೀರಿ ಕುತ್ತಿಗೆ, ಬೆನ್ನೆಲುಬು ಬಿಗಿದುಕೊಳ್ಳುತ್ತದೆ. ವಾರಕ್ಕೆ ಒಂದೆರಡು ಸಲ, ಚಿಕ್ಕ ಚೂರು ಸಾಕು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇನ್ನೊಂದು ಎಚ್ಚರಿಕೆ ತಿಂಡಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಲೇಬೇಕು. ಬೆಕ್ಕಿಗೆ ಮೈ ಬಿಸಿ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ತಿಂಡಿಯಲ್ಲಿ ಅಡಗಿಸಿ ಕೊಡುವವರಿದ್ದಾರೆ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ನಮ್ಮ ಮಾಜೂನು, ಚೂರ್ಣಗಳೂ ಅದಕ್ಕಲ್ಲ. ಹನೂರು, ಕೊಳ್ಳೇಗಾಲದಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ. ಕಾಯಿಲೆ ಬಿದ್ದ ಬೆಕ್ಕನ್ನು ಚೀಲದಲ್ಲೋ ಬುಟ್ಟಿಯಲ್ಲೋ ಹಾಕಿಕೊಂಡು ಅಲ್ಲಿಗೆ ಹೋಗಿ.

ಊಟವಿಲ್ಲದ ತಿಂಡಿ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚು ಕೊಡುವವರ ಕಥೆ. ಆದರೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಥೆ ಇದೆ, ಅದು ಹೆಚ್ಚು ಕಾಡುತ್ತದೆ. ಎಷ್ಟೋ ಬೆಕ್ಕುಗಳಿಗೆ ತಿಂಡಿ ಇದೆ, ಊಟ ಇಲ್ಲ. ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ ಹಾಲನ್ನ, ರಾತ್ರಿ ಮುದ್ದೆಯ ಚೂರು. ಹೊಟ್ಟೆ ಡೋಲಿನಂತೆ ಕಾಣುತ್ತದೆ, ಕೂದಲು ಉದುರುತ್ತದೆ, ಮರಿ ಹಾಕಿದರೆ ಮರಿ ಉಳಿಯುವುದಿಲ್ಲ. ಮನೆಯವರು ‘ನಾವು ಚೆನ್ನಾಗೇ ಹಾಕ್ತೀವಿ’ ಎನ್ನುತ್ತಾರೆ. ಹಾಕುವುದು ನಿಜ. ಆದರೆ ಹಾಕಿದ್ದರಲ್ಲಿ ಬೆಕ್ಕಿಗೆ ಬೇಕಾದದ್ದು ಇಲ್ಲ.

ತುಂಬಿ ತುಳುಕುವ ಬೆಕ್ಕು, ಸೊರಗಿದ ಬೆಕ್ಕು ಎರಡರ ಹಿಂದೆಯೂ ಒಂದೇ ತಪ್ಪು ತಿಳಿವಳಿಕೆ ಇದೆ. ತಿಂಡಿಯನ್ನೇ ಊಟ ಎಂದುಕೊಂಡಿರುವುದು. ಪೇಟೆಯ ಪೊಟ್ಟಣಗಳ ವಿಷಯದಲ್ಲೂ ಹೀಗೆಯೇ. ಮಕ್ಕಳು ಹಠ ಮಾಡಿ ತರಿಸುವ ಕ್ರೀಮಿನ ಕೊಳವೆ, ಕುರುಕುಲು ಕಾಳುಗಳು ತಿಂಡಿ ಮಾತ್ರ. ಸಂಪೂರ್ಣ ಆಹಾರ ಎಂದು ಪೊಟ್ಟಣದ ಮೇಲೆ ಬರೆದಿದೆಯೇ, ಇಲ್ಲ ಪೂರಕ ಎಂದಿದೆಯೇ ಎಂದು ನೋಡಿ ಕೊಳ್ಳಿ. ಪೂರಕ ಎಂದಿದ್ದರೆ ಅದರಿಂದ ಬೆಕ್ಕನ್ನು ಸಾಕಲು ಆಗುವುದಿಲ್ಲ.

ದುಬಾರಿ ಪೊಟ್ಟಣ ಕೊಳ್ಳಲಾಗದ ಮನೆಯೂ ಬೆಕ್ಕಿಗೆ ಉತ್ತಮ ಊಟ ಕೊಡಬಹುದು. ಕೋಳಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಗುಂಡಿಗೆ, ಕುತ್ತಿಗೆಯ ಮಾಂಸ ತಂದು ಉಪ್ಪು, ಮಸಾಲೆ, ಈರುಳ್ಳಿ ಇಲ್ಲದೆ ಬೇಯಿಸಿ, ಮೂಳೆ ತೆಗೆದು, ಸ್ವಲ್ಪ ಅನ್ನ ಕಲಸಿ ಹಾಕಿ. ಗುಂಡಿಗೆಯಲ್ಲಿ ಟಾರಿನ್ ಚೆನ್ನಾಗಿದೆ. ಅದು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಬೇಯಿಸಿದ ನೀರನ್ನು ಚೆಲ್ಲಬೇಡಿ, ಊಟಕ್ಕೇ ಬೆರೆಸಿ. ನೀರು ಕಡಿಮೆ ಕುಡಿಯುವ ಬೆಕ್ಕಿಗೆ ನೀರಿನ ಅಂಶವೂ ಸಿಕ್ಕಂತಾಯಿತು. ಮನೆಯ ಅಡುಗೆಯೊಂದರಿಂದಲೇ ಎಲ್ಲ ಅಂಶಗಳೂ ಸಿಗುವುದು ಕಷ್ಟ. ಕ್ಯಾಲ್ಸಿಯಂ ಮುಂತಾದವುಗಳ ಬಗ್ಗೆ ಪಶುವೈದ್ಯರ ಸಲಹೆ ಪಡೆಯಿರಿ. ಆಗುವವರು ಸಂಪೂರ್ಣ ಆಹಾರದ ಕಾಳನ್ನು ಸ್ವಲ್ಪ ಬೆರೆಸಬಹುದು.

‘ಹೊಟ್ಟೆಗೆ ಹಾಕಿದರೆ ಇಲಿ ಹಿಡಿಯುವುದಿಲ್ಲ’ ಎಂಬ ವಾದ ರೈತರ ಮನೆಗಳಲ್ಲಿ ಕೇಳಿಬರುತ್ತದೆ. ಬೆಕ್ಕು ಬೇಟೆಯಾಡುವುದು ಹಸಿವಿನಿಂದ ಮಾತ್ರವಲ್ಲ, ಅದು ಹುಟ್ಟುಗುಣ. ಊಟ ಸಿಕ್ಕ ಬೆಕ್ಕೂ ಇಲಿಯ ಸದ್ದಿಗೆ ಕಿವಿ ನಿಮಿರಿಸುತ್ತದೆ. ಹಸಿದು ನಿತ್ರಾಣವಾದ ಬೆಕ್ಕಿಗಿಂತ ಹದವಾಗಿ ಉಂಡು ಗಟ್ಟಿಯಾಗಿರುವ ಬೆಕ್ಕೇ ಒಳ್ಳೆಯ ಬೇಟೆಗಾರ. ಬಿಸ್ಕತ್ತು ತಿಂದು ಉರುಳಾಡುವ ಬೆಕ್ಕಿನಿಂದ ಮಾತ್ರ ಆ ಕೆಲಸ ಆಗುವುದಿಲ್ಲ.

ರಮಝಾನ್, ಬಕ್ರೀದ್ ದಿನಗಳಲ್ಲಿ

ರಮಝಾನಿನಲ್ಲಿ ನಮ್ಮ ಊಟದ ಹೊತ್ತು ಬದಲಾಗುತ್ತದೆ, ಬೆಕ್ಕಿನದೂ ಬದಲಾಗಿಬಿಡುತ್ತದೆ. ಸಹರಿಗೆ ಒಮ್ಮೆ, ಇಫ್ತಾರಿಗೆ ಒಮ್ಮೆ, ತರಾವೀಹ್ ಮುಗಿದ ಮೇಲೆ ಮತ್ತೊಮ್ಮೆ. ಸಮೋಸ, ಬಜ್ಜಿಯ ಚೂರುಗಳು ಬೇರೆ. ನಾವು ಸಂಯಮ ಕಲಿಯುವ ತಿಂಗಳಲ್ಲಿ ಬೆಕ್ಕಿಗೆ ಅತಿಯಾಗಿ ತಿನ್ನಿಸುವುದು ವಿಚಿತ್ರವಲ್ಲವೇ? ಬೆಕ್ಕಿನ ಎರಡು ಹೊತ್ತಿನ ಊಟವನ್ನು ಸಹರಿಗೂ ಇಫ್ತಾರಿಗೂ ಹೊಂದಿಸಿಕೊಳ್ಳಿ, ಪ್ರಮಾಣ ಹಳೆಯದೇ ಇರಲಿ.

ಬಕ್ರೀದಿನಲ್ಲಿ ಮಾಂಸ ಹಂಚುವ ಗಡಿಬಿಡಿಯಲ್ಲಿ ಹಸಿ ಚೂರು, ಕೊಬ್ಬು ಬೆಕ್ಕಿನ ಪಾಲಾಗುತ್ತದೆ. ಒಮ್ಮೆಲೇ ಅಷ್ಟು ಕೊಬ್ಬು ತಿಂದರೆ ವಾಂತಿ, ಭೇದಿ ಖಚಿತ. ಹಸಿ ಮಾಂಸದಿಂದ ಬರುವ ಪರೋಪಜೀವಿಗಳ ಭಯವೂ ಇದೆ. ಒಂದು ಹಿಡಿ ಮಾಂಸ ಬೇಯಿಸಿ, ಮೂರು ದಿನಕ್ಕೆ ಭಾಗ ಮಾಡಿ ಕೊಡಿ. ಹಬ್ಬದ ಸಂತೋಷದಲ್ಲಿ ಅದಕ್ಕೂ ಪಾಲು ಸಿಗಲಿ, ನರಳಾಟ ಬೇಡ.

ಮನುಷ್ಯರಿಗೇ ಇಲ್ಲದಾಗ?

‘ಮನುಷ್ಯರಿಗೇ ಸರಿಯಾಗಿ ತಿನ್ನಲು ಇಲ್ಲ, ಹಕೀಮರು ಬೆಕ್ಕಿನ ಕ್ಯಾಲೊರಿ ಎಣಿಸುತ್ತಾರೆ’ ಎಂದು ಯಾರಾದರೂ ಹೇಳಬಹುದು. ನ್ಯಾಯವಾದ ಮಾತೇ. ಆದರೆ ನಾನು ಹೇಳುತ್ತಿರುವುದು ಹೆಚ್ಚು ಖರ್ಚು ಮಾಡಿ ಎಂದಲ್ಲ, ಕಡಿಮೆ ಮಾಡಿ ಎಂದು. ಬೆಕ್ಕಿನ ತಿಂಡಿ ಪೊಟ್ಟಣಕ್ಕೆ ಹೋಗುವ ಹಣದಲ್ಲಿ ಅರ್ಧ ಉಳಿದರೆ ಅದು ಪಕ್ಕದ ಬಡ ಮನೆಗೆ ಹೋಗಲಿ. ಹದ ಎಂಬುದು ಇಬ್ಬರಿಗೂ ಲಾಭ.

ಇನ್ನೊಂದು ಮಾತು. ಬೆಕ್ಕಿಗೆ ‘ಇನ್ನೊಂದು ಚೂರು’ ಎನ್ನುವ ಕೈಯೇ ಅತಿಥಿಯ ತಟ್ಟೆಗೆ ಬೇಡವೆಂದರೂ ಬಿರಿಯಾನಿ ಸುರಿಯುತ್ತದೆ, ಸಕ್ಕರೆ ಕಾಯಿಲೆಯ ಅಬ್ಬಾಜಾನರಿಗೆ ಗುಟ್ಟಾಗಿ ಜಿಲೇಬಿ ಕೊಡುತ್ತದೆ, ಅಳುವ ಮಗುವಿನ ಬಾಯಿಗೆ ಚಾಕೊಲೇಟು ತುರುಕುತ್ತದೆ. ಪ್ರೀತಿ ತೋರಿಸಲು ನಮಗೆ ತಿನ್ನಿಸುವುದೊಂದೇ ದಾರಿ ಗೊತ್ತು. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಭಾಷಣದಲ್ಲಿ ಕೇಳುತ್ತೇವೆ, ದಸ್ತರ್‌ಖಾನಿನಲ್ಲಿ ಮರೆಯುತ್ತೇವೆ. ದೊಡ್ಡವರಿಗೆ ಹೇಳಿ ತಿದ್ದುವುದು ಕಷ್ಟ. ಆದರೆ ಹತ್ತು ವರ್ಷದ ಮಗು ಬೆಕ್ಕಿಗೆ ಅಳತೆಯಿಂದ ಕೊಡಲು ಕಲಿತರೆ ಅದೇ ಅಳತೆ ಮುಂದೆ ಅದರ ತಟ್ಟೆಗೂ ಬರುತ್ತದೆ. ಬೆಕ್ಕಿನ ಬಟ್ಟಲು ಮಕ್ಕಳಿಗೆ ಆರೋಗ್ಯದ ಮೊದಲ ಪಾಠಶಾಲೆಯಾಗಬಹುದು.

ಶುಚಿತ್ವದ ಮಾತು

ಬೆಕ್ಕು ಅಶುದ್ಧವಲ್ಲ ಎಂದ ಮಾತ್ರಕ್ಕೆ ಶುಚಿತ್ವದ ನಿಯಮಗಳು ಬೇಡ ಎಂದಲ್ಲ. ಬೆಕ್ಕಿನ ಮಲಮೂತ್ರ ಅಶುದ್ಧವೇ, ರೋಗವನ್ನೂ ಹರಡಬಲ್ಲದು. ಹಸಿ ಮಾಂಸ, ಇಲಿ ತಿನ್ನುವ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಗರ್ಭಿಣಿಗೆ ಮೊದಲ ಬಾರಿ ಅದು ತಗುಲಿದರೆ ಹೊಟ್ಟೆಯ ಮಗುವಿಗೆ ಅಪಾಯ. ಹೊರಬಿದ್ದ ಮಲ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಮರಳಿನ ತಟ್ಟೆಯನ್ನು ದಿನವೂ ಶುಚಿ ಮಾಡಿ. ಆ ಕೆಲಸವನ್ನು ಗರ್ಭಿಣಿಗೆ ಬಿಡದೆ ಮನೆಯ ಬೇರೆಯವರು ಮಾಡಲಿ. ಇದಕ್ಕೆ ಹೆದರಿ ಬೆಕ್ಕನ್ನು ಬೀದಿಗೆ ಹಾಕುವ ಅಗತ್ಯವಿಲ್ಲ.

ನಮ್ಮ ತಟ್ಟೆಯಿಂದ ಬೆಕ್ಕಿಗೆ ಕೊಡುವ ಅಭ್ಯಾಸ ಬಿಡಿ. ಅದರ ಬಟ್ಟಲು ಬೇರೆ, ಜಾಗ ಬೇರೆ ಇರಲಿ. ಕೈಯಿಂದ ತಿನ್ನಿಸಿದ ಮಗು ಸಾಬೂನಿನಿಂದ ಕೈ ತೊಳೆದೇ ಊಟಕ್ಕೆ ಕೂರಲಿ. ತಟ್ಟೆಗೆ ಬಾಯಿ ಹಾಕಲು ಕಲಿತ ಬೆಕ್ಕು ಸಿಗದಾಗ ಪರಚುತ್ತದೆ. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನ ಪುಡಿ, ಅರಿಶಿನ ಹಚ್ಚಿ ಕೂರಬೇಡಿ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿಗೆ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಜಂತುಹುಳುವಿನ ಔಷಧ ಕೊಡಿಸಿ.

ಮನೆಯಲ್ಲಿ ಇಂದೇ ಶುರು ಮಾಡಬಹುದಾದದ್ದು

ಒಂದು ಚಿಕ್ಕ ಡಬ್ಬಿ ತೆಗೆದುಕೊಳ್ಳಿ. ಬೆಳಿಗ್ಗೆ ಅದರಲ್ಲಿ ಬೆಕ್ಕಿನ ಆ ದಿನದ ತಿಂಡಿಯ ಪಾಲು ಹಾಕಿಡಿ. ಹೆಬ್ಬೆರಳ ಗಾತ್ರದ ಬೇಯಿಸಿದ ತುಂಡನ್ನು ಎಂಟು ಹತ್ತು ಚೂರು ಮಾಡಿ ಫ್ರಿಜ್ಜಿನಲ್ಲಿಟ್ಟರೆ ಸಾಕು. ದಾದಾ ಕೊಡಲಿ, ಮೊಮ್ಮಗಳು ಕೊಡಲಿ, ಎಲ್ಲರೂ ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿ ಎಂದರೆ ಇವತ್ತಿಗೆ ಮುಗಿಯಿತು. ಬೆಕ್ಕಿಗೆ ಬೇಕಾಗಿರುವುದು ಕೊಡುವ ಗಳಿಗೆಯ ಅಕ್ಕರೆ, ಚೂರಿನ ಗಾತ್ರವನ್ನು ಅದು ಅಳೆಯುವುದಿಲ್ಲ.

ಕೂತಲ್ಲಿಗೇ ತಿಂಡಿ ಕೊಡಬೇಡಿ. ಚೂರನ್ನು ಎಸೆದು ಓಡಿಸಿ, ಕಾಗದದ ಉಂಡೆಯೊಳಗೆ ಅಡಗಿಸಿ ಹುಡುಕಿಸಿ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಯುನಾನಿ ವೈದ್ಯ ಆಹಾರದ ಜೊತೆಗೇ ದೇಹದ ಚಲನೆ ಮತ್ತು ವಿಶ್ರಾಂತಿಯನ್ನೂ ಎಣಿಸುತ್ತದೆ. ಆ ಮಾತು ಬೆಕ್ಕಿಗೂ ಸಲ್ಲುತ್ತದೆ.

ತಿಂಗಳಿಗೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರೆ ಆಯಿತು. ಪಕ್ಕೆಗೆ ಕೈಯಾಡಿಸಿದರೆ ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಸ್ವಲ್ಪ ಒಳಗೆ ಬಾಗಿರಬೇಕು. ಬಿಸ್ಕತ್ತಿನ ಚಟ ಹಿಡಿದ ಬೆಕ್ಕಿಗೆ ಒಂದೇ ದಿನದಲ್ಲಿ ಬಿಡಿಸಬೇಡಿ, ವಾರ ಹತ್ತು ದಿನ ತೆಗೆದುಕೊಂಡು ಕಡಿಮೆ ಮಾಡುತ್ತಾ ಬನ್ನಿ. ಅದು ಕೂಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಎಲ್ಲ ಕೂಗೂ ಹಸಿವಿನದಲ್ಲ. ಕೆಲವೊಮ್ಮೆ ಅದಕ್ಕೆ ಬೇಕಾಗಿರುವುದು ಆಟ, ಕೆಲವೊಮ್ಮೆ ನೀರು, ಕೆಲವೊಮ್ಮೆ ತಲೆ ಸವರುವ ಕೈ.

ಬೆಕ್ಕು ತನಗೆ ಏನು ಬೇಡ ಎಂದು ಹೇಳಲಾರದು, ಕೊಟ್ಟದ್ದನ್ನು ತಿನ್ನುತ್ತದೆ. ಅದಕ್ಕಾಗಿಯೇ ಅದು ಅಮಾನತು. ನಾಳೆ ಅದರ ಬಗ್ಗೆ ಕೇಳಲಾಗುವ ಪ್ರಶ್ನೆ ‘ಹಸಿವಿನಿಂದ ಇಟ್ಟೆಯಾ’ ಎಂಬುದೊಂದೇ ಎಂದುಕೊಳ್ಳಬೇಡಿ. ತಿನ್ನಿಸಿ ಕಾಯಿಲೆ ತರಿಸಿದರೂ ಉತ್ತರ ಕೊಡಬೇಕಾದವರು ನಾವೇ. ಇವತ್ತು ರಾತ್ರಿ ದಸ್ತರ್‌ಖಾನ್ ಎತ್ತುವಾಗ ತಟ್ಟೆಯ ಉಳಿಕೆಯನ್ನು ಬೆಕ್ಕಿನ ಮುಂದೆ ಸುರಿಯುವ ಬದಲು ಅದರ ಬಟ್ಟಲು ತೊಳೆದು ಶುದ್ಧ ನೀರು ತುಂಬಿಡಿ.